ಕಂಸದೊಳಗೆ

ಅಕ್ಕ ಕಳಿಸಿದ ಶೇಂಗಾ ಚಟ್ನಿಪುಡಿ
ಗ್ರಿಮ್ಸ್‌ಬಿಗೆ ಬಂದದ್ದು ನಾಟಕದ ಒಂದು ಹಾಳೆ ಸುತ್ತಿಕೊಂಡು.
ಎಣ್ಣೆ ಕುಡಿದ ಪುಟ.
ದೇಸಾಯರ ಸೊಸೆ ಚಿಲಕಕ್ಕೆ ಕೈ ಹಾಕುತ್ತಾಳೆ,
ಅಷ್ಟಕ್ಕೇ ಹರಿದಿದೆ.
ತೆಗೆದಳೋ? ಬಿಟ್ಟಳೋ?
ಎರಡು ವಾರ, ಫ್ಯಾಕ್ಟರಿಯ ಬೆಲ್ಟಿನ ಮೇಲೆ ಕಾಡ್ ಮೀನು ಸಾಲುಗಟ್ಟಿ ಬರುವಾಗ
ಅದೇ ಚಿಲಕ ಕಣ್ಣಮುಂದೆ.
ಪುಟದ ನೆತ್ತಿಯ ಮೇಲೆ ಬರೆದವರ ಹೆಸರಿತ್ತು, ಊರಿರಲಿಲ್ಲ.
ಅಂದಾಜಿನ ಮೇಲೆ ಬರೆದೆ:
ಮರಿಬಸಪ್ಪ ಹಿರೇಹಾಳ, ನಾಟಕ ಬರೆಯುವವರು, ಗದಗ.
ನೀಲಿ ಏರೋಗ್ರಾಮಿನ ಒಳಗೆ ಒಂದೇ ಸಾಲು:
ಮುಂದೇನಾಯಿತು, ತಿಳಿಸಿರಿ.

ಉತ್ತರಕ್ಕೆ ಒಂದೂವರೆ ತಿಂಗಳು.
"ತಾಯೀ, ಐನೂರು ಪ್ರತಿ ಅಚ್ಚು ಹಾಕಿಸಿದ್ದೆ,
ನಾನೂರಾ ಎಪ್ಪತ್ತು ತೂಕಕ್ಕೆ ಹೋದವು.
ಕಿರಾಣಿ ಅಂಗಡಿಯವ ಹಂಚಿದಷ್ಟು ನನ್ನ ಸಾಹಿತ್ಯವನ್ನು
ಯಾವ ಪರಿಷತ್ತೂ ಹಂಚಿಲ್ಲ.
ಆಕೆ ಚಿಲಕ ತೆಗೆದಳು. ಆದರೆ ಹೊರಗೆ ಏನಿದೆ ಅಂತ
ನನಗೇ ಗೊತ್ತಿಲ್ಲ, ಹಿಂಗಾಗಿ ಪರದೆ ಬೀಳಿಸಿದೆ.
ನೀವು ಹೊರಗೇ ಇದ್ದೀರಿ. ಏನಿದೆ?"

ಏನಿದೆ.
ಹಂಬರ್ ನದಿ ಸಮುದ್ರ ಸೇರುವಲ್ಲಿ ರಾಡಿ ನೀರು,
ನಮ್ಮ ಕೆರೆಯ ಹೂಳಿನದೇ ಬಣ್ಣ.
ಹಡಗುಕಟ್ಟೆಯಲ್ಲಿ ಕೆಂಪಿಟ್ಟಿಗೆಯ ಗೋಪುರ, ದೇವರಿಲ್ಲದ್ದು.
ಮೀನಿಗೆ ಹೊಗೆ ಹಾಕುವ ಮನೆಗಳು, ಮಸಿ ಮೆತ್ತಿದ ಮೂತಿ.
ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲೆ.
ಗಂಡ ಹಡಗಿನ ಫಿಟ್ಟರ್. ಒಂದು ಹಡಗು ಹತ್ತಿದವರು
ಮತ್ತೊಂದರಿಂದ ಇಳಿಯಲಿಲ್ಲ. ನಾನು ಹುಡುಕಿಸಲಿಲ್ಲ.
ಮನೆಯೊಡತಿ ಡೊರೀನ್, ತಲೆಗೆ ಸದಾ ಕರ್ಲರ್ ಸುತ್ತಿದವಳು,
ಚಹಾಕ್ಕೆ ಎರಡು ಚಮಚ ಸಕ್ಕರೆ ಕೊಡುತ್ತಾಳೆ,
ಮೂರನೆಯದಕ್ಕೆ ಒಂದು ಪೆನಿ.

ಮುಂದಿನ ಸುಗ್ಗಿಯಲ್ಲಿ ಡೊರೀನ್
ನರಗುಂದದ ರಂಗದ ಮೇಲೆ ದೊರೆಮ್ಮ ಆಗಿದ್ದಳು.
ಇಳಕಲ್ ಸೀರೆ, ತಲೆಯಲ್ಲಿ ಅವೇ ಸುರುಳಿ.
ಮೂರನೆಯ ಚಮಚಕ್ಕೆ ಜನ ಸಿಳ್ಳೆ ಹೊಡೆದರಂತೆ.
ಓದಿ ಹೇಳಿದೆ.
"ಸೀರೆ ಯಾವ ಬಣ್ಣ?" ಅಂದಳು.

ಆರು ವರ್ಷ.
ಅವರು ದೃಶ್ಯ ಕಳಿಸುವರು. ನಾನು ರಾತ್ರಿಪಾಳಿ ಮುಗಿಸಿ
ನಿಂಬೆಹೋಳಿನಲ್ಲಿ ಬೆರಳುಜ್ಜಿ, ಆಮೇಲೆ ಲಕೋಟೆ ಒಡೆಯುವೆ.
ಬಚ್ಚಲಲ್ಲಿ ನಿಂತು ಗಟ್ಟಿಯಾಗಿ ಓದುವೆ,
ಆ ಊರಲ್ಲಿ ಕನ್ನಡ ಕೇಳುವ ಗೋಡೆ ಅದೊಂದೇ.
"ಈ ಮಾತಿನಲ್ಲಿ ಮುಳ್ಳಿದೆ, ಗಂಟಲಿಗೆ ಸಿಕ್ಕುತ್ತದೆ" ಅಂತ ಬರೆದರೆ
ಮುಳ್ಳು ತೆಗೆದು ಕಳಿಸುವರು.
ಭಾವಚಿತ್ರ ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.
ಅವರ ಹೆಂಡತಿಯ ಮಂಡಿನೋವು ಮಾತ್ರ ಗೊತ್ತು,
ಎಡಗಾಲಿನದು. ಎರಡು ಸಲ ಮುಲಾಮು ಕಳಿಸಿದ್ದೆ.

ಆಮೇಲೆ ಆ ನಾಟಕ ಬಂತು, ಇಡಿಯಾಗಿ, ದಾರದಲ್ಲಿ ಹೊಲಿದು.
ಪರದೇಶದಲ್ಲಿ ಒಬ್ಬ ಹೆಂಗಸು. ಮೂರು ಅಂಕ ಅಳುತ್ತಾಳೆ.
ಕಿಟಕಿಗೆ ಅಳುತ್ತಾಳೆ, ಹಬ್ಬಕ್ಕೆ ಅಳುತ್ತಾಳೆ,
ಬಂದ ಪತ್ರಕ್ಕೂ, ಬಾರದ ಪತ್ರಕ್ಕೂ.
ಸಿಟ್ಟು ನೆತ್ತಿಗೇರಿತು.
"ಮಾಸ್ತರ, ದಿನಕ್ಕೆ ಎಂಟು ತಾಸು ಮೀನಿನ ಹೊಟ್ಟೆ ಸೀಳುತ್ತೇನೆ.
ಅಳಬೇಕೆಂದರೂ ಕಣ್ಣೊರೆಸಲು ಸ್ವಚ್ಛ ಕೈ ಇಲ್ಲ."
ಅಷ್ಟೇ. ಅಂಟಿಸಿ ಡಬ್ಬಿಗೆ ಹಾಕಿದೆ.

ಹನ್ನೊಂದು ತಿಂಗಳು.
ಮುಲಾಮು ಕೊಂಡು ತಂದೆ, ಕಳಿಸಲಿಲ್ಲ.
ನನ್ನ ಮಂಡಿಗೇ ಹಚ್ಚಿಕೊಂಡೆ.
ಡೊರೀನ್ ದಿನವೂ ಬಾಗಿಲಿನ ಚಾಪೆ ಎತ್ತಿ ನೋಡುತ್ತಿದ್ದಳು,
ಕೇಳಿದರೆ ಗುಡಿಸುತ್ತಿದ್ದೇನೆ ಅನ್ನುತ್ತಿದ್ದಳು.

ಬಂದಾಗ, ಒಳಗೆ ಕೊನೆಯ ಪುಟ ಮಾತ್ರ.
ಮಾತೆಲ್ಲ ಕೆಂಪು ಮಸಿಯಲ್ಲಿ ಹೊಡೆದುಹಾಕಿದ್ದರು.
ಉಳಿದದ್ದು ಕಂಸದೊಳಗಿನ ಸೂಚನೆ:
(ಅಳುವುದಿಲ್ಲ. ಕೈ ತೊಳೆಯುತ್ತಾಳೆ.
ನೀರು ನಿಲ್ಲುವವರೆಗೆ ಪರದೆ ಬೀಳಬಾರದು.)

ಆಗಿನಿಂದ ಆ ಕಂಸದೊಳಗೆ
ಬಾಡಿಗೆಯಿಲ್ಲದೆ ಇದ್ದೇನೆ.

"ಏನಂತೆ ನಿನ್ನ ನಾಟಕದವನು?" ಅಂದಳು ಡೊರೀನ್ ಅವತ್ತು.
"ಕೈ ತೊಳೆಯಲು ಹೇಳಿದ್ದಾರೆ."
"ತಿಳಿದವನು," ಅಂದು
ಸಾಬೂನು ನನ್ನ ಕಡೆ ಸರಿಸಿದಳು.